ಕಾರ್ಖಾನೆ ಮುಚ್ಚಿದ ಮೇಲೂ ಊರು ಉಳಿಯಬೇಕು

ಕನ್ನಡದ ಪತ್ರಿಕೆಗಳು ಒಂದು ಕಾಲದಲ್ಲಿ ಅಚ್ಚಾಗುತ್ತಿದ್ದ ಕಾಗದದಲ್ಲಿ ಭದ್ರಾವತಿಯ ಪಾಲೂ ಇತ್ತು. ಅದನ್ನು ತಯಾರಿಸುತ್ತಿದ್ದವರ ಬಡಾವಣೆಯೇ ಕಾಗದನಗರ. ಬಸ್ಸಿನವರ ಬಾಯಲ್ಲಿ ಪೇಪರ್‌ಟೌನ್. ನಾನು ಹುಟ್ಟಿ ಬೆಳೆದದ್ದು ಅಲ್ಲಿನ ಕಂಪನಿ ಕ್ವಾರ್ಟರ್ಸಿನಲ್ಲಿ. ಈಚೆಗೆ ನೆಂಟರ ಮದುವೆಗೆಂದು ಭದ್ರಾವತಿಗೆ ಹೋದವಳು, ಊಟ ಮುಗಿಸಿ ಆಟೊ ಹತ್ತಿ ಅಲ್ಲಿಗೆ ಹೋದೆ.

ಮನೆಗಳ ಸಾಲು ಇನ್ನೂ ನಿಂತಿದೆ. ನಮ್ಮ ಮನೆಗೆ ಬಾಗಿಲಿಲ್ಲ, ಬಾಗಿಲ ಚೌಕಟ್ಟೂ ಇಲ್ಲ. ಕಿಟಕಿಯ ಸರಳು, ನಲ್ಲಿಯ ಪೈಪು, ವೈರು ಎಲ್ಲವನ್ನೂ ಯಾರೋ ಕಿತ್ತೊಯ್ದಿದ್ದಾರೆ. ಮನೆಯೊಳಗೆ ಸೊಂಟದೆತ್ತರ ಕಾಂಗ್ರೆಸ್ ಗಿಡ. ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲನ್ನು ಮಾತ್ರ ಯಾರಿಗೂ ಎತ್ತಲಾಗಿಲ್ಲ. ಅಪ್ಪನ ಡ್ಯೂಟಿ ಬಟ್ಟೆಯನ್ನು ಅಮ್ಮ ನಮ್ಮ ಯೂನಿಫಾರ್ಮಿನ ಜೊತೆ ನೆನೆಹಾಕುತ್ತಿರಲಿಲ್ಲ. ಕೊನೆಗೆ, ಬೇರೆ ನೀರಿನಲ್ಲಿ, ಅದೇ ಕಲ್ಲಿನ ಮೇಲೆ ಕುಕ್ಕಿ ಕುಕ್ಕಿ ಒಗೆಯುತ್ತಿದ್ದಳು. ಅಪ್ಪ ಇದ್ದದ್ದು ಪಲ್ಪ್ ಮಿಲ್ಲಿನಲ್ಲಿ. ಮರದ ಚಕ್ಕೆಗಳನ್ನು ರಾಸಾಯನಿಕಗಳಲ್ಲಿ ಬೇಯಿಸುವಾಗ ಗಂಧಕದ ಅನಿಲ ಹೊರಬೀಳುತ್ತದೆ, ಕೊಳೆತ ಕೋಸಿನಂಥ ವಾಸನೆ. ಬಂದ ನೆಂಟರು ಮೂಗು ಮುಚ್ಚಿಕೊಳ್ಳುತ್ತಿದ್ದರು. ನಮಗದು ಗೊತ್ತೇ ಆಗುತ್ತಿರಲಿಲ್ಲ. ಈಗ ಆ ವಾಸನೆ ಇಲ್ಲ, ಸೈರನ್ನೂ ಇಲ್ಲ.

ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ 1977ರಲ್ಲಿ ಸರ್ಕಾರಿ ಕಂಪನಿಯಾಯಿತು. ಆಮೇಲೆ ನ್ಯೂಸ್‌ಪ್ರಿಂಟ್ ಬಂತು, ಸಕ್ಕರೆ ಘಟಕವೂ ಬಂತು. ಹಳತಾದ ಯಂತ್ರಗಳು, ಏರುತ್ತಲೇ ಹೋದ ಖರ್ಚು, ಹೊರದೇಶದಿಂದ ಅಗ್ಗವಾಗಿ ಬಂದಿಳಿಯುವ ಕಾಗದ, ಇವುಗಳ ನಡುವೆ ಏದುಸಿರು ಬಿಡುತ್ತ 2015ರ ಹೊತ್ತಿಗೆ ಉತ್ಪಾದನೆ ನಿಂತೇಹೋಯಿತು. ಕಾರ್ಮಿಕರು ಸ್ವಯಂನಿವೃತ್ತಿ ಪಡೆದು ಹೊರಟರು.

ನಮ್ಮ ಬೀದಿಯಲ್ಲಿ ಕನ್ನಡದ ಮನೆಯ ಪಕ್ಕ ತಮಿಳಿನ ಮನೆ, ಅದರಾಚೆ ಉರ್ದು, ಎದುರಿಗೆ ತೆಲುಗು. ಅಪ್ಪಂದಿರು ಒಂದೇ ಶಿಫ್ಟಿನವರಾದರೆ ಮಕ್ಕಳು ತಾವಾಗಿ ಗೆಳೆಯರಾಗುತ್ತಿದ್ದರು. ನೈಟ್ ಶಿಫ್ಟ್ ಮುಗಿಸಿ ಬಂದವರು ಮಲಗಿದ್ದಾರೆಂದು ಹಗಲಲ್ಲಿ ಆ ಮನೆಯ ಮುಂದೆ ಯಾರೂ ಕ್ರಿಕೆಟ್ ಆಡುತ್ತಿರಲಿಲ್ಲ. ಇದನ್ನು ನಮಗೆ ಯಾರೂ ಕೂರಿಸಿಕೊಂಡು ಕಲಿಸಿದ್ದಲ್ಲ. ಆಸ್ಪತ್ರೆ, ಶಾಲೆ, ಮೈದಾನ ಎಲ್ಲವೂ ನಡೆದು ಹೋಗುವಷ್ಟು ಹತ್ತಿರ. ಸಂಬಳ ಕಡಿಮೆ ಇದ್ದವರ ಮಕ್ಕಳಿಗೂ ಇಷ್ಟು ಸಿಗುತ್ತಿತ್ತೆಂಬುದನ್ನು, ಈಗ ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಕುಳಿತು ಲೆಕ್ಕ ಹಾಕಿದರೆ, ನಂಬುವುದು ಕಷ್ಟ.

ಕೂಡುರಸ್ತೆಯ ಟೀ ಅಂಗಡಿಯ ಅಜ್ಜಿ ನನ್ನನ್ನು ದಿಟ್ಟಿಸಿ ನೋಡಿ, "ಯಾರ ಮನೆ ಮಗಳಮ್ಮ?" ಎಂದರು. ಅಪ್ಪನ ಹೆಸರು ಹೇಳಿದೆ. "ಪಲ್ಪ್ ಮಿಲ್ಲಿನೋರಲ್ವಾ? ಸಕ್ಕರೆ ಕಮ್ಮಿ ಹಾಕಿ ಅನ್ನೋರು" ಎಂದು ನೆನಪಿಸಿಕೊಂಡು ಗ್ಲಾಸು ತೊಳೆದರು. "ಮೂರು ಶಿಫ್ಟಿಗೂ ಟೀ ಕಾಸ್ತಿದ್ದೆ ಕಣಮ್ಮ. ಈಗ ಬೆಳಿಗ್ಗೆ ತಂದ ಹಾಲು ಸಂಜೆಗೂ ಮಿಕ್ಕತ್ತೆ."

ಕಾರ್ಖಾನೆಯನ್ನು ಖಾಸಗಿಯವರಿಗೆ ಗುತ್ತಿಗೆ ಕೊಟ್ಟು ಮತ್ತೆ ತೆರೆಯುವ ಮಾತು ವರ್ಷಗಳಿಂದ ನಡೆದಿದೆ. ತೆರೆದರೆ ಸಂತೋಷಪಡುವವರಲ್ಲಿ ನಾನೂ ಒಬ್ಬಳು. ಆದರೆ ಹಳೆಯ ರೀತಿಯಲ್ಲೇ ತೆರೆಯಿರಿ ಎಂದು ಕೇಳಲು ನನಗೆ ಬಾಯಿ ಬರುವುದಿಲ್ಲ. ನಮ್ಮ ಮೈದಾನಕ್ಕೆ, ನಮ್ಮ ಆಸ್ಪತ್ರೆಗೆ ಮಲೆನಾಡಿನ ಕಾಡು ಬೆಲೆ ತೆತ್ತಿದೆ. ಕಾರ್ಖಾನೆಗಾಗಿ ಗುತ್ತಿಗೆ ಪಡೆದ ಅರಣ್ಯಭೂಮಿಯಲ್ಲಿ ನೀಲಗಿರಿ, ಅಕೇಶಿಯಾ ಬೆಳೆಸಿದರು. ಆ ಗುತ್ತಿಗೆಯ ಅವಧಿ 2020ರಲ್ಲಿ ಮುಗಿದಾಗ ಇನ್ನು ಅಕೇಶಿಯಾ ಬೇಡವೆಂದು ಮಲೆನಾಡಿನ ಜನ ದನಿಯೆತ್ತಿದ್ದು ನ್ಯಾಯವಾಗಿಯೇ ಇತ್ತು. ಕಾರ್ಖಾನೆಯ ಕೊಳೆನೀರು ಸೇರುತ್ತಿದ್ದ ಭದ್ರೆಯ ಕೆಳಹರಿವಿನ ಊರುಗಳವರ ಕಷ್ಟವೂ ಸುಳ್ಳಲ್ಲ.

ಹಾಗಾಗಿ ನನ್ನ ಬೇಡಿಕೆ ಬೇರೆ. ಕಾರ್ಖಾನೆಯ ಹಣೆಬರಹ ಏನೇ ಆಗಲಿ, ಬಡಾವಣೆಯನ್ನು ಅದಕ್ಕೆ ಗಂಟು ಹಾಕಬೇಡಿ. ಯಂತ್ರ, ಜಮೀನು, ಸಾಲ ಇವುಗಳ ಪಟ್ಟಿ ಮಾಡುವಾಗ ಕ್ವಾರ್ಟರ್ಸನ್ನೂ ಆಸ್ತಿಯ ಒಂದು ಸಾಲಾಗಿ ಬರೆದು ಬೀಗ ಹಾಕಿ ಕಾಯುವುದು ನನ್ನ ದೃಷ್ಟಿಯಲ್ಲಿ ದೊಡ್ಡ ಅನ್ಯಾಯ. ಯಂತ್ರಕ್ಕೆ ಗಿರಾಕಿ ಬರುವವರೆಗೆ ಹೆಂಚು ಕಾಯುವುದಿಲ್ಲ. ಜನ ಇಲ್ಲದ ಮನೆ ನಾಲ್ಕು ಮಳೆಗಾಲಕ್ಕೆ ಕುಸಿಯುತ್ತದೆ.

ಇದು ಕಾಗದನಗರವೊಂದರ ಮಾತಲ್ಲ. ಅದೇ ಊರಿನ ನ್ಯೂಟೌನಿನಲ್ಲಿರುವ ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆ 1923ರಿಂದ ಕಬ್ಬಿಣ ಕರಗಿಸಿದ್ದು. ಅದನ್ನೂ ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿದ್ದಾಗ ಕಾರ್ಮಿಕರು ಧರಣಿ ಕೂತರು; ಅದೇ ವರ್ಷ ಒಂದಿಷ್ಟು ಕೆಲಸ ಮರಳಿ ಶುರುವಾಯಿತು. ಅಲ್ಲಿ ಮನೆಗಳಲ್ಲಿ ಇನ್ನೂ ದೀಪ ಉರಿಯುತ್ತಿರುವಾಗಲೇ ಆ ಬಡಾವಣೆಯ ಮುಂದಿನ ಗತಿ ಏನೆಂದು ಬರೆದಿಡಬೇಕು.

ಕಾಗದನಗರದಲ್ಲಿ ಗೋಡೆ, ಸೂರು ಗಟ್ಟಿಯಿರುವ ಮನೆಗಳನ್ನು ಎಂಜಿನಿಯರುಗಳು ಮುಂದಿನ ಮಳೆಗಾಲದೊಳಗೆ ಗುರುತಿಸಲಿ. ಅವನ್ನು ದುರಸ್ತಿ ಮಾಡಿ ಕಡಿಮೆ ಬಾಡಿಗೆಗೆ ಕೊಡಲಿ. ಮೊದಲ ಹಕ್ಕು ವರ್ಷಗಟ್ಟಲೆ ಗುತ್ತಿಗೆ ಕಾರ್ಮಿಕರಾಗಿ ದುಡಿದು ಕ್ವಾರ್ಟರ್ಸಿನ ಮೆಟ್ಟಿಲು ಹತ್ತಲಾಗದೇ ಹೋದವರದ್ದು. ಮೈದಾನ ಮತ್ತು ಸಾಲುಮರಗಳನ್ನು ಯಾವ ಟೆಂಡರಿಗೂ ಸೇರಿಸದಂತೆ ಸರ್ಕಾರ ಒಂದು ಆದೇಶ ಹೊರಡಿಸಲಿ. ಇದಕ್ಕೆ ಯಾವ ಬಂಡವಾಳಗಾರನ ಒಪ್ಪಿಗೆಯೂ ಬೇಕಿಲ್ಲ.