ಹೆಸರು ತಿಳಿದರೆ ಅರ್ಧ ಮದ್ದು

ರಕ್ತವು ಸಹಜವಾಗಿ ನಿರ್ಮಲವಾದ ಹೊಳೆ. ರೋಗಾಣುಗಳಿಗೆ ಅಲ್ಲಿ ನೆಲೆಯಿಲ್ಲ. ಎಲ್ಲಿಂದಲೋ ನುಸುಳಿದ ಅಣುಜೀವಿಯೊಂದು ಅಲ್ಲಿ ಬೀಡುಬಿಟ್ಟು ಬೆಳೆದು, ದೇಹವೆಲ್ಲ ತತ್ತರಿಸಿತೆಂದರೆ ಅದೇ ರಕ್ತನಂಜು. ಕಳ್ಳನ ಗುರುತು ಸಿಗದೆ ಪೊಲೀಸರು ಊರೆಲ್ಲ ತಡಕುವಂತೆ, ರೋಗಾಣುವಿನ ಹೆಸರು ತಿಳಿಯುವವರೆಗೆ ವೈದ್ಯನು ಊಹೆಯಿಂದಲೇ ಮದ್ದು ಕೊಡಬೇಕಾಗುತ್ತದೆ.

ಊಹೆ ಹೇಗೆ ತಪ್ಪೀತೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ನಿದರ್ಶನವುಂಟು. ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳ ಅನೇಕ ರೋಗಿಗಳಲ್ಲಿ ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನ ತಜ್ಞರು ಮೆಲಿಯಾಯ್ಡೋಸಿಸ್ ಎಂಬ ಕಾಯಿಲೆಯನ್ನು ಗುರುತಿಸಿದ್ದಾರೆ. ಮಳೆಗಾಲದಲ್ಲಿ ಅದರ ಹಾವಳಿ ಹೆಚ್ಚು. ಒದ್ದೆ ಮಣ್ಣಿನಲ್ಲಿಯೂ ನೀರಿನಲ್ಲಿಯೂ ವಾಸಿಸುವ ಬರ್ಕೋಲ್ಡೇರಿಯಾ ಸ್ಯೂಡೊಮಲೈ ಎಂಬ ಅಣುಜೀವಿ ಇದಕ್ಕೆ ಕಾರಣ. ಗಾಯದ ಮೂಲಕವೋ ಉಸಿರಿನ ಮೂಲಕವೋ ಒಳಹೊಕ್ಕು, ಸಕ್ಕರೆ ಕಾಯಿಲೆಯವರನ್ನು ಇದು ವಿಶೇಷವಾಗಿ ಕಾಡುತ್ತದೆ. 1912ರಲ್ಲಿ ರಂಗೂನಿನಿಂದ ಇದನ್ನು ಮೊದಲು ವರ್ಣಿಸಿದವರು ವಿಟ್‌ಮೋರ್ ಮತ್ತು ಅವರ ಸಹಾಯಕ ಕೃಷ್ಣಸ್ವಾಮಿ.

ಶತಮಾನ ಕಳೆದರೂ ಇದು ವೇಷಧಾರಿಯೇ ಸರಿ. ಎದೆಯ ಎಕ್ಸ್-ರೇಯಲ್ಲಿ ಕ್ಷಯದಂತೆ ತೋರುತ್ತದೆ. ಪ್ರಯೋಗಶಾಲೆಯಲ್ಲಿ ಸ್ಯೂಡೊಮೊನಾಸ್ ಎನಿಸಿಕೊಳ್ಳುತ್ತದೆ, ಇಲ್ಲವೆ ಹೊರಗಿನಿಂದ ಬೆರೆತ ಕಲ್ಮಷವೆಂದು ಬದಿಗೆ ಸರಿಯುತ್ತದೆ. ಪೆನಿಸಿಲಿನ್ನಿಗೆ ಇದು ಜಗ್ಗದು. ಸಾಮಾನ್ಯವಾಗಿ ಜೆಂಟಾಮೈಸಿನ್ನಿಗೂ ಮಣಿಯದು. ಸೆಫ್ಟಾಜಿಡಿಮ್ ಅಥವಾ ಮೆರೊಪೆನೆಮ್ ಚುಚ್ಚುಮದ್ದನ್ನು ಸುಮಾರು 2 ವಾರವಾದರೂ ಕೊಟ್ಟು, ಬಳಿಕ 3 ತಿಂಗಳು ಗುಳಿಗೆ ಮುಂದುವರಿಸಬೇಕು. ಹೆಸರು ತಪ್ಪಿದರೆ ಮದ್ದೂ ತಪ್ಪಿತು. ಮದ್ದು ತಪ್ಪಿದರೆ ಪ್ರಾಣಕ್ಕೇ ಸಂಚಕಾರ.

ರೋಗಿಯ ರಕ್ತವನ್ನು ಪೋಷಕ ದ್ರವದ ಸೀಸೆಗೆ ಸೇರಿಸಿ, ಬೆಚ್ಚಗಿಟ್ಟು ಅಣುಜೀವಿಯನ್ನು ಬೆಳೆಸುವುದು ಹಿಂದಿನಿಂದ ಬಂದ ಕ್ರಮ. ಬೆಳೆದ ಮೇಲೆಯೂ ರಾಸಾಯನಿಕ ಪರೀಕ್ಷೆಗಳಿಗೆ ಒಂದೆರಡು ದಿನ ಹಿಡಿಯುತ್ತಿತ್ತು. ಈಗ ಆ ಕಾಯುವಿಕೆಯನ್ನು ಮಾಲ್ಡಿ-ಟಾಫ್ ಎಂಬ ಯಂತ್ರವು ನಿಮಿಷಗಳಿಗೆ ಇಳಿಸಿದೆ. ಬೆಳೆದ ಅಣುಜೀವಿಯ ತುಣುಕನ್ನು ಲೋಹದ ಫಲಕಕ್ಕೆ ಸವರಿ, ಮೇಲೊಂದು ರಾಸಾಯನಿಕ ಲೇಪಿಸಿ, ಲೇಸರ್ ಕಿರಣ ಹಾಯಿಸಿದರೆ ಅದರ ಪ್ರೋಟೀನುಗಳು ಕೊಳವೆಯೊಳಗೆ ಓಟಕ್ಕೆ ತೊಡಗುತ್ತವೆ. ಹಗುರಾದವು ಮುಂದೆ, ಭಾರವಾದವು ಹಿಂದೆ. ಈ ಓಟದ ನಕ್ಷೆಯನ್ನು ತನ್ನ ಸಂಗ್ರಹದ ನಕ್ಷೆಗಳೊಡನೆ ಹೋಲಿಸಿ ಯಂತ್ರವು ಹೆಸರು ಹೇಳುತ್ತದೆ.

ಆದರೆ ನಿಘಂಟಿನಲ್ಲಿಲ್ಲದ ಪದಕ್ಕೆ ಅರ್ಥ ದೊರಕುವುದೆಂತು? ಸಂಗ್ರಹದಲ್ಲಿ ಸ್ಯೂಡೊಮಲೈಯ ನಕ್ಷೆಯಿಲ್ಲದಿದ್ದರೆ, ಬಹುಮಟ್ಟಿಗೆ ನಿರುಪದ್ರವಿಯಾದ ಅದರ ದಾಯಾದಿ ಥಾಯ್ಲೆಂಡೆನ್ಸಿಸ್ ಹೆಸರನ್ನು ಯಂತ್ರವು ಹೇಳಿಬಿಡಬಹುದು. ಆಗ ಸಂಶಯಪಡಲು ಮನುಷ್ಯನೇ ಬೇಕು. ಅವನ ಸಂಶಯಕ್ಕೆ ರೋಗಿಯ ಪೂರ್ವಾಪರ ತಿಳಿದಿರಬೇಕು.

ಕರಾವಳಿಯ ಕಥೆ ನಮಗೇಕೆಂದು ವಾಚಕರು ಪುಟ ತಿರುವಬಾರದು. ದೊಡ್ಡಬಳ್ಳಾಪುರ, ಹೊಸಕೋಟೆಗಳ ಮನೆಗಳಲ್ಲಿಯೂ ಸಕ್ಕರೆ ಕಾಯಿಲೆಯವರಿದ್ದಾರೆ. ಮಳೆಗಾಲದಲ್ಲಿ ಮಂಗಳೂರು, ಉಡುಪಿಗೆ ಹೋಗಿಬರುವವರೂ ಇದ್ದಾರೆ. ಜ್ವರ ಇಳಿಯದಿದ್ದಾಗ ಹಿಂದಿನ ಸಲ ಉಳಿದ ಆಂಟಿಬಯೋಟಿಕ್ ಗುಳಿಗೆಯನ್ನು ಮನೆಯಲ್ಲೇ ನುಂಗಿಸಿದರೆ, ಅಣುಜೀವಿಯು ಸೀಸೆಯಲ್ಲಿ ಬೆಳೆಯದೆ ಮರೆಯಾಗಬಹುದು. ಅದರ ಬದಲು ರೋಗಿ ಎಲ್ಲಿಗೆ ಹೋಗಿದ್ದ, ಯಾವ ಮಣ್ಣು ತುಳಿದ, ಸಕ್ಕರೆ ಎಷ್ಟಿದೆ ಎಂಬುದನ್ನು ವೈದ್ಯರಿಗೆ ಬಿಡಿಸಿ ಹೇಳಿ. ಅಣುಜೀವಿಯ ನಿಜನಾಮವನ್ನು ಹೊರಗೆಡಹುವ ಕೆಲಸ ಅಲ್ಲಿಂದಲೇ ಆರಂಭವಾಗುತ್ತದೆ.