ಮುಂಬೈಗೆ ಕೆಲಸ ಇಲ್ಲದ ಒಂದು ದಿನ ಕೊಡ್ರಿ

ನಮ್ಮ ಗಡಿ ತಾಲೂಕುಗಳ ಹುಡುಗ ಹುಡುಗಿಯರು ದೊಡ್ಡ ಊರಿಗೆ ಹೋಗೋದು ಯಾವಾಗ? ಪರೀಕ್ಷೆ ಇದ್ದಾಗ, ಇಂಟರ್‌ವ್ಯೂ ಇದ್ದಾಗ, ಇಲ್ಲಾ ಮನೆಯಲ್ಲಿ ಯಾರಿಗಾದರೂ ಆರಾಮ ಇಲ್ಲದಾಗ. ಬೆಳಿಗ್ಗೆ ಇಳಿಯೋದು, ಟ್ಯಾಕ್ಸಿಯವರಿಗೆ ವಿಳಾಸ ತೋರಿಸೋದು, ಕೆಲಸ ಮುಗಿಸಿ ರಾತ್ರಿ ಗಾಡಿ ಹಿಡಿಯೋದು. ಹತ್ತು ಸಲ ಮುಂಬೈಗೆ ಹೋಗಿ ಬಂದವರನ್ನ ಕೇಳಿ ನೋಡ್ರಿ, ಅಲ್ಲಿ ಏನೇನು ನೋಡಿದ್ರಿ ಅಂತ. ಗೇಟ್‌ವೇ ಮುಂದೆ ಒಂದು ಸೆಲ್ಫಿ, ಟ್ಯಾಕ್ಸಿ ಕಿಟಕಿಯಿಂದ ಕಂಡ ಸಮುದ್ರ. ಅಷ್ಟೇ.

ನನ್ನ ವಾದ ಸರಳ. ಮುಂದಿನ ಸಲ ಹೋದಾಗ ಒಂದು ದಿನ ಹೆಚ್ಚಿಗೆ ಇಟ್ಕೊಂಡು ಹೋಗ್ರಿ. ಆ ದಿನ ಯಾವ ಕೆಲಸಾನೂ ಬೇಡ. ನಡೀರಿ. ಶೋಕಿಗಾಗಿ ಹೇಳ್ತಿಲ್ಲ. ಬರೀ ಕೆಲಸಕ್ಕಾಗಿ, ಹೆದರಿಕೊಂಡು ಹೋಗಿ ಬರೋ ಊರು ಎಂದಿಗೂ ನಮ್ಮದಾಗೋದಿಲ್ಲ. ನಾಳೆ ಅಲ್ಲೇ ಓದಬೇಕು, ಅಲ್ಲೇ ದುಡಿಯಬೇಕು ಅಂದಾಗ ಕಾಲು ಹಿಂದೆ ಎಳೆಯುತ್ತೆ. ಒಮ್ಮೆ ಕಾಲಿಂದ ಅಳೆದ ಊರಿಗೆ ಅಷ್ಟು ಹೆದರಬೇಕಿಲ್ಲ.

ಸೋಲಾಪುರ ಕಡೆಯವರಿಗೆ ದಾರಿ ಗೊತ್ತೇ ಇದೆ. ರಾತ್ರಿ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್. ಆ ಗಾಡಿಯ ಹೆಸರಲ್ಲಿರೋದು ಸೊನ್ನಲಿಗೆಯ ಸಿದ್ಧರಾಮ, 12ನೇ ಶತಮಾನದ ನಮ್ಮ ವಚನಕಾರ. ಅಂದ್ರೆ ಕನ್ನಡದ ಹೆಸರೊಂದು ದಿನಾ ರಾತ್ರಿ ಮುಂಬೈಗೆ ಹೋಗ್ತಿದೆ. ನಾವು ಗಮನಿಸಿಲ್ಲ ಅಷ್ಟೆ.

ಇಳಿದ ಕೂಡಲೇ ಓಡಬೇಡ್ರಿ. ಹೊರಗೆ ಬಂದು ರಸ್ತೆಯ ಆಚೆ ದಡದಲ್ಲಿ ನಿಂತು ಆ ಸ್ಟೇಷನ್ನನ್ನೇ ಹತ್ತು ನಿಮಿಷ ನೋಡ್ರಿ. ಎಫ್. ಡಬ್ಲ್ಯೂ. ಸ್ಟೀವನ್ಸ್ ರೂಪಿಸಿದ ಈ ಕಟ್ಟಡದ ಕೆಲಸ 1878ರಲ್ಲಿ ಶುರುವಾಗಿ ಮುಗಿಯೋಕೆ ಸುಮಾರು ಹತ್ತು ವರ್ಷ ಹಿಡೀತು. 2004ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಗೇಟಿನ ಒಂದು ಕಂಬದ ಮೇಲೆ ಸಿಂಹ ಇದೆ, ಅದು ಬ್ರಿಟನ್. ಇನ್ನೊಂದರ ಮೇಲೆ ಹುಲಿ, ಅದು ಭಾರತ. ಗೋಡೆ ಮೇಲಿನ ಕೆತ್ತನೆಗಳಲ್ಲಿ ಇಲ್ಲಿನ ಕಲಾಶಾಲೆಯ ವಿದ್ಯಾರ್ಥಿಗಳ ಕೈ ಇದೆ. ನಿಮ್ಮ ವಯಸ್ಸಿನವರೇ ಅವರು.

ಅಲ್ಲಿಂದ ದಾದಾಭಾಯಿ ನೌರೋಜಿ ರಸ್ತೆ ಹಿಡೀರಿ. ಕಟ್ಟಡಗಳ ಕಮಾನುಗಳ ಕೆಳಗೇ ಫುಟ್‌ಪಾತ್, ಬಿಸಿಲಲ್ಲೂ ನೆರಳಲ್ಲೇ ನಡೆಯಬಹುದು. ಈ ಭಾಗಕ್ಕೆ ಫೋರ್ಟ್ ಅಂತಾರೆ. ಕೋಟೆ ಗೋಡೆಯನ್ನ 1860ರ ದಶಕದಲ್ಲೇ ಕೆಡವಿದ್ರು, ಹೆಸರು ಮಾತ್ರ ಉಳೀತು. ಹಸಿವಾದ್ರೆ ವಡಾಪಾವ್ ಇದೆ, ಕಟಿಂಗ್ ಚಾ ಇದೆ, ಉಡುಪಿ ಹೋಟೆಲ್ಲೂ ಸಿಗುತ್ತೆ. ಕರಾವಳಿಯಿಂದ ಬಂದು ಇಂಥ ಹೋಟೆಲುಗಳಲ್ಲಿ ಹಗಲೆಲ್ಲ ಟೇಬಲ್ ಒರೆಸಿ, ರಾತ್ರಿ ಕನ್ನಡ ಶಾಲೆಗೆ ಹೋಗಿ ಓದಿದ ಹುಡುಗರ ತಲೆಮಾರೇ ಈ ಊರಲ್ಲಿತ್ತು. ಮುಂಬೈ ಕನ್ನಡಿಗರು ಅಂದ್ರೆ ಬರೀ ಸಂಘದ ಸನ್ಮಾನದ ಶಾಲು ಅಲ್ಲ, ಇದೂ ಹೌದು.

ಒಂದು ಕಿಲೋಮೀಟರಿನಷ್ಟು ನಡೆದರೆ ಫ್ಲೋರಾ ಫೌಂಟನ್. 1864ರ ಕಾರಂಜಿ. ಪಕ್ಕದಲ್ಲೇ ಪಂಜು ಹಿಡಿದ ಇಬ್ಬರ ಪ್ರತಿಮೆ ಇದೆ, ಒಬ್ಬ ರೈತ, ಒಬ್ಬ ಕಾರ್ಮಿಕ. ಇದು ಹುತಾತ್ಮಾ ಚೌಕ. ಇಲ್ಲಿ ನಮ್ಮವರು ಸ್ವಲ್ಪ ಹೊತ್ತು ನಿಲ್ಲಲೇಬೇಕು. 1955ರ ನವೆಂಬರ್ 21ರಂದು ಇಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ್ರು. ಮರಾಠಿ ಮಾತಾಡೋರಿಗೆ ಮುಂಬೈ ಸಹಿತ ಒಂದು ರಾಜ್ಯ ಬೇಕು ಅನ್ನೋ ಆ ಚಳವಳಿಯಲ್ಲಿ ಒಟ್ಟು ನೂರಕ್ಕೂ ಹೆಚ್ಚು ಜನ ಸತ್ತರು. ರಾಜ್ಯ ಬಂದದ್ದು 1960ರ ಮೇ 1ಕ್ಕೆ.

ಗಡಿ ಕನ್ನಡಿಗ ಇಲ್ಲಿ ನಿಂತು ಸಿಟ್ಟಾಗಬೇಕಾ? ನನ್ನ ಕೇಳಿದ್ರೆ ಬೇಡ. ತಾಯಿಮಾತಿಗಾಗಿ ಜೀವ ಕೊಟ್ಟವರ ಮುಂದೆ ತಲೆ ಬಾಗಿಸೋದ್ರಲ್ಲಿ ನಮಗೇನೂ ಕಡಿಮೆ ಆಗೋದಿಲ್ಲ. ಭಾಷೆ ಅಂದ್ರೆ ಎಷ್ಟು ದೊಡ್ಡದು ಅಂತ ಈ ಚೌಕಕ್ಕಿಂತ ಚೆನ್ನಾಗಿ ಯಾರು ಹೇಳ್ತಾರೆ? ಜತ್ತದ ಹಳ್ಳಿಯ ಮಗುವಿಗೆ ಕನ್ನಡ ಶಾಲೆ ಬೇಕು ಅನ್ನೋದೂ ಅದೇ ಪ್ರೀತಿ. ನಮ್ಮ ಮರಾಠಿ ಗೆಳೆಯರಿಗೆ ನಮ್ಮ ಮಾತು ತಿಳಿಸಬೇಕು ಅಂದ್ರೆ ಈ ಚೌಕದ ಕಥೆ ನಮಗೂ ಗೊತ್ತಿರಬೇಕು.

ಮುಂದೆ ಓವಲ್ ಮೈದಾನ. ಪೂರ್ವಕ್ಕೆ ಹೈಕೋರ್ಟು, ವಿಶ್ವವಿದ್ಯಾಲಯ, 85 ಮೀಟರ್ ಎತ್ತರದ ರಾಜಾಬಾಯಿ ಗಡಿಯಾರ ಗೋಪುರ. ಪಶ್ಚಿಮಕ್ಕೆ ಆರ್ಟ್ ಡೆಕೋ ಶೈಲಿಯ ಮನೆಗಳ ಸಾಲು. 2018ರಲ್ಲಿ ಈ ಎರಡೂ ಬದಿ ಸೇರಿ ವಿಶ್ವ ಪರಂಪರೆ ತಾಣ ಆಯ್ತು. ಜತ್ತ, ಅಕ್ಕಲಕೋಟೆ ಆಗ ಸಂಸ್ಥಾನಗಳು. ಆದ್ರೆ ಸೋಲಾಪುರ, ವಿಜಯಪುರ, ಧಾರವಾಡ, ಬೆಳಗಾವಿ, ಕಾರವಾರ ಎಲ್ಲಾ ಮುಂಬೈ ಪ್ರಾಂತ್ಯದಲ್ಲೇ ಇದ್ದವು. ಅಲ್ಲಿನ ಜಮೀನಿನ ವ್ಯಾಜ್ಯ ಮೇಲಕ್ಕೆ ಹೋದ್ರೆ ಬರ್ತಿದ್ದದ್ದು ಇದೇ ಹೈಕೋರ್ಟಿಗೆ. ಧಾರವಾಡದ ಕರ್ನಾಟಕ ಕಾಲೇಜಲ್ಲಿ ಓದಿದವರಿಗೆ 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಬರೋ ತನಕ ಡಿಗ್ರಿ ಕೊಟ್ಟದ್ದೂ ಮುಂಬೈ ವಿಶ್ವವಿದ್ಯಾಲಯವೇ. ಅಂದಮೇಲೆ ಈ ಮೈದಾನದ ಕಟ್ಟೆ ಮೇಲೆ ಕೂರೋಕೆ ನಮಗೆ ಸಂಕೋಚ ಯಾಕೆ?

ಆಮೇಲೆ ಕಾಲಾ ಘೋಡಾ. 1952ರಲ್ಲಿ ಶುರುವಾದ ಜಹಾಂಗೀರ್ ಆರ್ಟ್ ಗ್ಯಾಲರಿಗೆ ಟಿಕೆಟ್ ಇಲ್ಲ. ಚಿತ್ರ ಅರ್ಥ ಆಗದಿದ್ರೂ ಒಳಗೆ ಹೋಗ್ರಿ, ಯಾರೂ ಕೇಳೋದಿಲ್ಲ. ಉಡುಪಿ ಹತ್ತಿರದ ಕಟ್ಟಿಂಗೇರಿಯ ಹಳ್ಳಿಯಿಂದ ಬಂದು, ಇದೇ ಊರಿನ ಜೆ. ಜೆ. ಕಲಾಶಾಲೆಯಲ್ಲಿ ಕಲಿತು, ಕಲಿಸಿ, ದೇಶಕ್ಕೇ ಹೆಸರಾದವರು ಕೆ. ಕೆ. ಹೆಬ್ಬಾರ್.

ಪಕ್ಕದಲ್ಲೇ ವಸ್ತು ಸಂಗ್ರಹಾಲಯ, 1922ರಿಂದ ಇದೆ. ಇಲ್ಲಿಗೆ ಟಿಕೆಟ್ ಉಂಟು, ಕಾಲೇಜಿನ ಐಡಿ ಕಾರ್ಡ್ ತೋರಿಸಿ ರಿಯಾಯಿತಿ ಕೇಳ್ರಿ. ಒಳಗೆ ಹೋಗೋ ಮೊದಲು ತಲೆ ಎತ್ತಿ ಗುಮ್ಮಟ ನೋಡ್ರಿ. ಜಾರ್ಜ್ ವಿಟೆಟ್ ಅದನ್ನ ರೂಪಿಸುವಾಗ ಕಣ್ಣ ಮುಂದಿದ್ದದ್ದು ವಿಜಯಪುರದ ಗೋಳಗುಮ್ಮಟ. ಒಳಗೆ ಐಹೊಳೆಯ ಹುಚ್ಚಪ್ಪಯ್ಯ ಗುಡಿಯ ಛಾವಣಿಯಲ್ಲಿದ್ದ ಬ್ರಹ್ಮ, ವಿಷ್ಣು, ಶಿವನ ಕಲ್ಲಿನ ಶಿಲ್ಪಗಳಿವೆ. ಚಾಲುಕ್ಯರ ಕಾಲದವು. ಐಹೊಳೆಗೆ ಹೋದ್ರೂ ಅವು ಸಿಗೋದಿಲ್ಲ, ಇಲ್ಲೇ ನೋಡಬೇಕು.

ಗೇಟ್‌ವೇ ಆಫ್ ಇಂಡಿಯಾಗೆ ಕೊನೆಗೆ ಹೋಗ್ರಿ. ಅದೂ ವಿಟೆಟ್ ಕೈಯದ್ದೇ, 1924ರಲ್ಲಿ ಮುಗೀತು. ಸಂಜೆಗೆ ಮರೀನ್ ಡ್ರೈವ್. ಮೂರೂವರೆ ಕಿಲೋಮೀಟರ್ ಉದ್ದದ ಕಟ್ಟೆ, ಎದುರಿಗೆ ಸಮುದ್ರ, ಸೂರ್ಯ ಮುಳುಗೋದನ್ನ ನೋಡೋಕೆ ಕಾಸಿಲ್ಲ. ಸಾಹುಕಾರನೂ ಹಮಾಲನೂ ಒಂದೇ ಕಟ್ಟೆ ಮೇಲೆ ಕೂರ್ತಾರೆ. ಅಲ್ಲಿಂದ ಸ್ಟೇಷನ್ನಿಗೆ ಮತ್ತೆ ನಡೆದೇ ಹೋಗಬಹುದು. ಇಡೀ ದಿನದ ನಡಿಗೆ ಏಳೆಂಟು ಕಿಲೋಮೀಟರ್. ಜಾತ್ರೆಗೆ ಪಾದಯಾತ್ರೆ ಹೋಗೋ ಜನಕ್ಕೆ ಇದೊಂದು ದೂರವೇ?

"ದುಡ್ಡು ಎಲ್ಲಿಂದ?" ಅಂತೀರಿ. ಗಾಡಿ ಖರ್ಚು ಹೇಗೂ ಪರೀಕ್ಷೆಗೆ ಅಂತ ಆಗೇ ಆಗುತ್ತೆ. ಹೆಚ್ಚಿಗೆ ಬೇಕಾಗೋದು ಎರಡು ಹೊತ್ತಿನ ಊಟ, ಒಂದು ಟಿಕೆಟ್. "ಹೆಣ್ಮಕ್ಕಳನ್ನ ಮನೇಲಿ ಬಿಡಬೇಕಲ್ಲ?" ನಿಜವಾದ ಪ್ರಶ್ನೆ. ಒಬ್ಬಳೇ ಹೋಗೋದು ಕಷ್ಟವಾದ್ರೆ ಪರೀಕ್ಷೆಗೆ ಬಂದ ಮೂರ್ನಾಲ್ಕು ಗೆಳತಿಯರು ಕೂಡಿ ಹಗಲಲ್ಲಿ ನಡೀರಿ. ಈ ದಾರಿಯಲ್ಲಿ ದಿನವಿಡೀ ಜನ ಇರ್ತಾರೆ. ಜೊತೆಗೆ ಬಂದ ಅಪ್ಪನನ್ನೂ ಕರಕೊಂಡು ಹೋಗ್ರಿ. ಪರೀಕ್ಷಾ ಕೇಂದ್ರದ ಗೇಟಿನ ಹೊರಗೆ ಟವೆಲ್ ಹಾಸಿ ಕೂತು ಕಾಯೋದನ್ನ ಬಿಟ್ಟು ಅವರಾದ್ರೂ ಮುಂಬೈನಲ್ಲಿ ಏನು ಕಂಡಿದ್ದಾರೆ?

ಬೇರೆ ಗಡಿಯವರಿಗೂ ಇದೇ ಮಾತು. ಕಾಸರಗೋಡು 1956ರ ತನಕ, ಆದೋನಿ ಮತ್ತು ರಾಯದುರ್ಗ 1953ರ ತನಕ ಮದರಾಸಿಗೆ ಸೇರಿದ್ದವು. ಹಾಗಾಗಿ ಚೆನ್ನೈನ ಸೇಂಟ್ ಜಾರ್ಜ್ ಕೋಟೆ ನಿಮಗೆ ಪೂರ್ತಿ ಪರಕೀಯವಲ್ಲ. ಹೈದರಾಬಾದಿನ ಚಾರ್‌ಮಿನಾರ್ ಸುತ್ತಲಿನ ಗಲ್ಲಿಗಳು ಬೀದರ, ಕಲಬುರಗಿ, ರಾಯಚೂರಿನವರಿಗೆ ಒಂದು ಕಾಲದ ರಾಜಧಾನಿ. ನಕ್ಷೆ ಬದಲಾಗಿರಬಹುದು, ಆ ಊರುಗಳ ಬೀದಿಗಳಲ್ಲಿ ನಮ್ಮ ಹಿರಿಯರು ಓಡಾಡಿದ್ದು ಸುಳ್ಳಾಗೋದಿಲ್ಲ.

ಯಶವಂತ ಚಿತ್ತಾಲರ 'ಶಿಕಾರಿ', ಜಯಂತ ಕಾಯ್ಕಿಣಿಯವರ ಕಥೆಗಳು ಮುಂಬೈಯನ್ನ ಕನ್ನಡದೊಳಗೆ ತಂದವು. ಅವರು ನೋಡಿದ್ದನ್ನ ಅವರು ಬರೆದ್ರು. ಉಮದಿಯ ಹುಡುಗಿಗೆ, ಮೈಂದರ್ಗಿಯ ಹುಡುಗನಿಗೆ ಅದೇ ಊರು ಬೇರೆ ಥರ ಕಾಣುತ್ತೆ. ಅದನ್ನ ಇನ್ನೂ ಯಾರೂ ಬರೆದಿಲ್ಲ. ಮುಂದಿನ ಹಾಲ್ ಟಿಕೆಟ್ ಬಂದಾಗ ವಾಪಸಿನ ರಿಸರ್ವೇಷನ್ ಒಂದು ದಿನ ತಡವಾಗಿ ಮಾಡಿಸ್ರಿ. ಗಟ್ಟಿ ಚಪ್ಪಲಿ, ನೀರಿನ ಬಾಟಲಿ ಇಟ್ಕೋರಿ. ಕಂಡದ್ದನ್ನ ರಾತ್ರಿ ಗಾಡಿಯಲ್ಲಿ ಕೂತು ಕನ್ನಡದಲ್ಲಿ ಬರಕೋರಿ, ನಿಮ್ಮೂರಿನ ಕನ್ನಡದಲ್ಲೇ.