ಅರ್ಧ ಕೆಟ್ಟ ಉಪಕರಣ

ಉಲ್ಹಾಸನಗರದಲ್ಲಿ, ಜೀನ್ಸ್ ಹೊಲಿಯುವ ಘಟಕಗಳ ನಡುವೆ, ಲಿನಕ್ಸ್ ಬಳಸುವ ಒಂದು ಸಣ್ಣ ಲೆಕ್ಕದ ಆಫೀಸು ಇದೆ ಎಂದು ಇಟ್ಟುಕೊಳ್ಳಿ. ಬೆಳಿಗ್ಗೆ ಕಂಪ್ಯೂಟರ್ ಹಚ್ಚಿದರೆ ಎಡಕ್ಕೆ ಫೈರ್‌ಫಾಕ್ಸಿನಲ್ಲಿ ಜಿಎಸ್‌ಟಿ ಪುಟ, ಬಲಕ್ಕೆ ಲಿಬ್ರೆಆಫೀಸಿನ ಬಿಲ್ಲಿನ ಹಾಳೆ, ಎರಡನೇ ಪರದೆಯಲ್ಲಿ ಗಿರಾಕಿಗಳ ಚಾಟ್. ಎಲ್ಲ ತಾನಾಗಿ ಬಂದು ಕೂರುತ್ತವೆ. ಯಾರೋ ಪರಿಚಯದ ಹುಡುಗ ಬರೆದುಕೊಟ್ಟ ಹತ್ತು ಸಾಲಿನ ಸ್ಕ್ರಿಪ್ಟು ವರ್ಷಗಟ್ಟಲೆ ಈ ಕೆಲಸ ಮಾಡಿದೆ. ಒಂದು ದಿನ ಉಬುಂಟು ಹೊಸ ಆವೃತ್ತಿಗೆ ಏರುತ್ತದೆ. ಮರುದಿನ ಚಾಟ್ ತನ್ನ ಜಾಗಕ್ಕೆ ಹೋಗುತ್ತದೆ, ಉಳಿದೆರಡು ಕದಲುವುದಿಲ್ಲ. ಪರದೆಯ ಮೇಲೆ ತಪ್ಪಿನ ಸಂದೇಶ ಒಂದೂ ಇಲ್ಲ.

ಪೂರ್ತಿ ಕೆಟ್ಟಿದ್ದರೆ ಯಾರಾದರೂ ರಿಪೇರಿ ಮಾಡುತ್ತಿದ್ದರು. ಅರ್ಧ ಕೆಟ್ಟದ್ದನ್ನು ಜನ ತಮ್ಮದೇ ತಪ್ಪು ಎಂದುಕೊಂಡು ಸಹಿಸುತ್ತಾರೆ.

ಇಲ್ಲಿ ಬದಲಾದದ್ದು ಡಿಸ್‌ಪ್ಲೇ ಸರ್ವರ್, ಅಂದರೆ ಪ್ರೋಗ್ರಾಂಗಳು ಬರೆದದ್ದನ್ನು ಪರದೆಗೆ ತಲುಪಿಸುವ ವ್ಯವಸ್ಥೆ. ಹಳೆಯದರ ಹೆಸರು ಎಕ್ಸ್. 1984ರಲ್ಲಿ ಅಮೆರಿಕದ ಎಂಐಟಿಯಲ್ಲಿ ಹುಟ್ಟಿತು, 1987ರಲ್ಲಿ ಹನ್ನೊಂದನೇ ಆವೃತ್ತಿಗೆ ಬಂದು ಅಲ್ಲೇ ನಿಂತಿತು. ಹೊಸದು ವೇಲ್ಯಾಂಡ್, 2008ರಲ್ಲಿ ಕ್ರಿಸ್ಟಿಯನ್ ಹೋಗ್ಸ್‌ಬರ್ಗ್ ಶುರು ಮಾಡಿದ್ದು. ಫೆಡೋರಾ 2016ರಲ್ಲೇ ಅದಕ್ಕೆ ಹೋಯಿತು. ಉಬುಂಟು 2017ರಲ್ಲಿ ಹೋಗಿ, ಮುಂದಿನ ವರ್ಷ ಹಿಂದೆ ಸರಿದು, 2021ರಲ್ಲಿ ಮತ್ತೆ ಹೋಯಿತು.

ವ್ಯತ್ಯಾಸ ತಿಳಿಯಲು ಉಲ್ಹಾಸನಗರವನ್ನೇ ನೋಡಬಹುದು. ಎರಡನೇ ಮಹಾಯುದ್ಧದ ಕಾಲದ ಸೇನಾ ಶಿಬಿರದಲ್ಲಿ ದೇಶವಿಭಜನೆಯ ನಂತರ ಸಿಂಧಿ ನಿರಾಶ್ರಿತರು ನೆಲೆಸಿ ಬೆಳೆದ ಊರು ಅದು. ವಿಳಾಸಗಳಲ್ಲಿ ಇಂದಿಗೂ ಬ್ಯಾರಕ್ ನಂಬರು ಬರುತ್ತದೆ. ಬ್ಯಾರಕ್ಕಿನ ಬಾಳು ಎಲ್ಲರ ಕಣ್ಣೆದುರಿನ ಬಾಳು. ಎಕ್ಸ್ ಕೂಡ ಹಾಗೆಯೇ. ಯಾವ ವಿಂಡೋ ಎಲ್ಲಿದೆ ಎಂಬ ಪಟ್ಟಿ ಬಾಗಿಲಲ್ಲೇ ತೂಗುಹಾಕಿರುತ್ತದೆ, ಯಾವ ಪ್ರೋಗ್ರಾಂ ಬೇಕಾದರೂ ಓದಬಹುದು, ಇನ್ನೊಂದನ್ನು ಸರಿಸಬಹುದು. ಡಬ್ಲ್ಯುಎಂ‌ಕಂಟ್ರೋಲ್, ಎಕ್ಸ್‌ಡೂಟೂಲ್ ಬದುಕಿದ್ದು ಆ ಪಟ್ಟಿಯ ಮೇಲೆ. ವೇಲ್ಯಾಂಡ್ ವಾಚ್‌ಮನ್ ಇರುವ ಹೊಸ ಟವರ್. ಪಕ್ಕದ ಮನೆಯಲ್ಲಿ ಯಾರಿದ್ದಾರೆ ಎಂದು ಅಲ್ಲಿ ಯಾರೂ ಹೇಳುವುದಿಲ್ಲ. ಹಳೆಯ ಪ್ರೋಗ್ರಾಂಗಳಿಗಾಗಿ ಟವರಿನ ಅಂಗಳದಲ್ಲಿ ಒಂದು ಬ್ಯಾರಕ್ ಉಳಿಸಿದ್ದಾರೆ, ಅದರ ಹೆಸರು ಎಕ್ಸ್‌ವೇಲ್ಯಾಂಡ್. ಸ್ಕ್ರಿಪ್ಟಿಗೆ ಕಾಣುವುದು ಅದರೊಳಗಿನವರು ಮಾತ್ರ. ಚಾಟ್ ಅಲ್ಲಿತ್ತು, ಸಿಕ್ಕಿತು. ಒಂದೊಂದೇ ಪ್ರೋಗ್ರಾಂ ಅಲ್ಲಿಂದ ಖಾಲಿ ಮಾಡುತ್ತಿರುವುದರಿಂದ ನಿನ್ನೆ ನಡೆದದ್ದು ಇವತ್ತು ನಡೆಯದೆಯೂ ಹೋಗಬಹುದು. ಫೈರ್‌ಫಾಕ್ಸ್ 2023ರ ಡಿಸೆಂಬರಿನಲ್ಲಿ, 121ನೇ ಆವೃತ್ತಿಯಿಂದ, ವೇಲ್ಯಾಂಡನ್ನೇ ರೂಢಿ ಮಾಡಿಕೊಂಡಿತು.

ಪತ್ತೆ ಕಷ್ಟವಲ್ಲ. ಟರ್ಮಿನಲ್ಲಿನಲ್ಲಿ ಸೆಷನ್ ಯಾವುದೆಂದು ಕೇಳಿ ಮೊದಲು ಖಚಿತ ಮಾಡಿಕೊಳ್ಳಬೇಕು. ಆಮೇಲೆ ಎಕ್ಸ್‌ಐಸ್ ಎಂಬ ಹಳೆಯ ಆಟಿಕೆಯನ್ನು ತೆರೆಯಬೇಕು, ಮೌಸ್ ಹೋದತ್ತ ತಿರುಗುವ ಎರಡು ಕಣ್ಣು. ಮೌಸ್ ಯಾವ ವಿಂಡೋ ಮೇಲೆ ಓಡಾಡುವಾಗ ಕಣ್ಣು ಹಿಂಬಾಲಿಸುವುದಿಲ್ಲವೋ ಅದು ಟವರಿಗೆ ಹೋಗಿದೆ ಎಂದರ್ಥ. ಇಷ್ಟು ಸರಳ ಪರೀಕ್ಷೆ ಬಹಳ ಕೈಪಿಡಿಗಳಲ್ಲಿ ಇರಬೇಕಿತ್ತು.

ವೈಡೂಟೂಲ್ ಹಾಕಿಕೊಳ್ಳಿ ಎಂಬ ಸಲಹೆಯೂ ಬರುತ್ತದೆ. ಅದು ಕರ್ನಲ್ ಮಟ್ಟದಲ್ಲಿ ಕೀ ಒತ್ತುತ್ತದೆ, ಹಾಗಾಗಿ ಎಲ್ಲೆಡೆ ನಡೆಯುತ್ತದೆ. ಆದರೆ ಯಾವ ವಿಂಡೋಗೆ ಒತ್ತುತ್ತಿದ್ದೇನೆ ಎಂಬುದು ಅದಕ್ಕೆ ಗೊತ್ತಿಲ್ಲ. ಲೆಕ್ಕದ ಆಫೀಸಿನಲ್ಲಿ ಇದು ಚೇಷ್ಟೆಯ ಮಾತಲ್ಲ: ಒಬ್ಬ ಗಿರಾಕಿಯ ಮೊತ್ತ ಇನ್ನೊಬ್ಬನ ಹಾಳೆಯಲ್ಲಿ ಬಿದ್ದರೆ ತಿಂಗಳ ಕೊನೆಗೆ ಹುಡುಕುವವರು ಯಾರು?

ವಾಚ್‌ಮನ್ ಬಂದದ್ದು ತಪ್ಪಲ್ಲ. ಎಕ್ಸ್‌ನಲ್ಲಿ ಒಂದು ಪ್ರೋಗ್ರಾಂ ಇನ್ನೊಂದರಲ್ಲಿ ಟೈಪಿಸಿದ್ದನ್ನು, ಬ್ಯಾಂಕಿನ ಪಾಸ್‌ವರ್ಡನ್ನೂ, ಕದ್ದು ಓದಬಹುದಿತ್ತು. ಅದು ಮುಚ್ಚಲೇಬೇಕಾದ ಬಾಗಿಲು. ಆದರೆ ಬೀಗ ಹಾಕುವವರು ಕೀಲಿಯನ್ನೂ ಮಾಡಿಸಬೇಕು. ಪರದೆ ಹಂಚಿಕೊಳ್ಳುವ ವಿಷಯದಲ್ಲಿ ಮಾಡಿಸಿದ್ದಾರೆ: ಮೊದಲು ಅನುಮತಿ ಕೇಳುತ್ತದೆ, ಒಪ್ಪಿದರೆ ನಡೆಯುತ್ತದೆ. ವಿಂಡೋ ಸರಿಸಲು ಎಲ್ಲ ಡೆಸ್ಕ್‌ಟಾಪಿಗೂ ಸಲ್ಲುವ ಅಂಥ ಕೀಲಿ ಬಂದಿಲ್ಲ. ಕೆಡಿಇಯಲ್ಲಿ ಕೆವಿನ್‌ಗೆ ಬರೆಯುವ ಸ್ಕ್ರಿಪ್ಟು, ಸ್ವೇಯಲ್ಲಿ ಅದರದೇ ಆಜ್ಞೆಗಳು, ಗ್ನೋಮ್‌ನಲ್ಲಿ ಎಕ್ಸ್‌ಟೆನ್ಷನ್. ಆರಾರು ತಿಂಗಳಿಗೆ ಗ್ನೋಮ್ ಹೊಸದಾದಾಗ ಆ ಎಕ್ಸ್‌ಟೆನ್ಷನ್ನನ್ನೂ ಯಾರಾದರೂ ತಿದ್ದುತ್ತಿರಬೇಕು. ವಿಂಡೋಗಳ ಪಟ್ಟಿ ಕೊಡುವ ಒಂದು ಸಾಮಾನ್ಯ ನಿಯಮ ಬಂದಿದೆ ನಿಜ, ಅದು ಹೆಸರು ಹೇಳುತ್ತದೆಯೇ ಹೊರತು ಜಾಗ ಬದಲಿಸಲು ಬಿಡುವುದಿಲ್ಲ. ಕೀಬೋರ್ಡಿನಲ್ಲೇ ಎಡಬಲ ಸರಿಸಿಕೊಳ್ಳಬಹುದಲ್ಲ ಎನ್ನುತ್ತಾರೆ. ಎರಡು ಕೈ ಆಡುವವರಿಗೆ ಸರಿ. ಮಾತಿನಿಂದಲೋ ಒಂದೇ ಗುಂಡಿಯಿಂದಲೋ ಕಂಪ್ಯೂಟರ್ ನಡೆಸುವವರಿಗೆ ಇಂಥ ಸ್ಕ್ರಿಪ್ಟು ಊರುಗೋಲು.

ಸದ್ಯಕ್ಕೆ ದಾರಿ ಇದೆ. ಉಬುಂಟು 24.04ರಲ್ಲಿ ಲಾಗಿನ್ ಪರದೆಯ ಹಲ್ಲುಚಕ್ರ ಒತ್ತಿ ಎಕ್ಸ್‌ಆರ್ಗ್ ಆರಿಸಿಕೊಂಡರೆ ಹಳೆಯ ಸ್ಕ್ರಿಪ್ಟು ಎಂದಿನಂತೆ ನಡೆಯುತ್ತದೆ. ಆ ಆವೃತ್ತಿಗೆ 2029ರವರೆಗೆ ಬೆಂಬಲ ಉಂಟು. ಒಂದೇ ಪ್ರೋಗ್ರಾಂ ತೊಂದರೆ ಕೊಡುತ್ತಿದ್ದರೆ ಅದೊಂದನ್ನೇ ಎಕ್ಸ್‌ವೇಲ್ಯಾಂಡಿನಲ್ಲಿ ತೆರೆಯುವಂತೆಯೂ ಮಾಡಬಹುದು. ಕೆಲಸದ ಯಂತ್ರವಾದರೆ 25.10ಕ್ಕೆ ಆತುರಪಟ್ಟು ಏರಬಾರದು, ಅದರ ಗ್ನೋಮ್‌ನಲ್ಲಿ ಎಕ್ಸ್‌ ಸೆಷನ್ನೇ ಇಲ್ಲ. ಸಿಗುವ ಈ ಬಿಡುವಿನಲ್ಲಿ ಸ್ಕ್ರಿಪ್ಟನ್ನು ಹೊಸದಾಗಿ ಬರೆಸಿಕೊಳ್ಳುವುದು ಲೇಸು.

ಏರಿಸುವ ಮೊದಲು ಉಬುಂಟು ಡಿಸ್ಕಿನಲ್ಲಿ ಜಾಗ ನೋಡುತ್ತದೆ, ಯಾವ ಪ್ಯಾಕೇಜು ತೆಗೆಯುತ್ತೇನೆ ಎಂದು ಪಟ್ಟಿ ಕೊಡುತ್ತದೆ. ಡಬ್ಲ್ಯುಎಂ‌ಕಂಟ್ರೋಲ್ ಇರುವ ಯಂತ್ರದಲ್ಲಿ, ಇದಕ್ಕೆ ಇನ್ನು ಎಲ್ಲ ವಿಂಡೋಗಳೂ ಕಾಣುವುದಿಲ್ಲ ಎಂಬ ಒಂದು ಸಾಲು ಸೇರಿಸಲು ಎಷ್ಟು ಹೊತ್ತು? ಅದು ಈಗಲೂ ಉಬುಂಟು ಭಂಡಾರದಲ್ಲಿದೆ, ವೇಲ್ಯಾಂಡ್ ಯಂತ್ರಕ್ಕೂ ತಕರಾರಿಲ್ಲದೆ ಇಳಿಯುತ್ತದೆ.